ಅರವತ್ತರ ವೇಗದಲ್ಲಿ ಒಂದು ಅದುರು

ನಮ್ಮ ಪದ್ಮಿನಿ 50 ಕಿಲೋಮೀಟರ್ ವೇಗದವರೆಗೆ ತನ್ನ ಪಾಡಿಗೆ ತಾನು ಓಡುತ್ತಿತ್ತು. 55 ದಾಟಿತೋ, ಕಾಲ ಕೆಳಗಿನ ತಗಡಿನಲ್ಲಿ ಗುಂಯ್ ಎಂದು ಅದುರು ಏಳುತ್ತಿತ್ತು. 60ಕ್ಕೆ ಅದು ಹಿಂದಿನ ಸೀಟಿಗೆ ಹಬ್ಬುತ್ತಿತ್ತು. 70ರ ಹತ್ತಿರ ಹೋದರೆ ಕನ್ನಡಿಯಲ್ಲಿ ಕಾಣುವ ಹಿಂದಿನ ಲಾರಿಯ ಎರಡು ದೀಪ ನಾಲ್ಕಾಗುತ್ತಿದ್ದವು, ಡ್ಯಾಶ್‌ಬೋರ್ಡಿನ ಮೇಲೆ ಅಪ್ಪ ಇಟ್ಟ ಕನ್ನಡಕದ ಡಬ್ಬಿ ಮೆಲ್ಲಗೆ ಅಂಚಿಗೆ ಸರಿದು ಬರುತ್ತಿತ್ತು. ಅಪ್ಪ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿದರೆ ಕಾರು ಮತ್ತೆ ಸುಮ್ಮನಾಗುತ್ತಿತ್ತು. ತಿಪಟೂರಿನಿಂದ ತುಮಕೂರಿಗೆ ಕೋರ್ಟು ಕೆಲಸಕ್ಕೆ ಹೋಗಿ ಬರುವ ಅಷ್ಟು ದಾರಿಯನ್ನೂ 50ರ ಆಸುಪಾಸಿನಲ್ಲೇ ಓಡಿಸುವುದು ಅವರಿಗೆ ರೂಢಿಯಾಗಿಹೋಗಿತ್ತು.

1990ರ ದಶಕದ ಮೊದಲ ವರ್ಷಗಳ ಮಾತು. ನಾನಾಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೆ. ಮುಂದೆ ನನ್ನ ಉದ್ಯೋಗದ ಬಹುಭಾಗ ಕಾರ್ಖಾನೆಗಳ ಫ್ಯಾನು, ಪಂಪು, ಟರ್ಬೈನುಗಳ ಅದುರನ್ನು ಅಳೆದು, ಯಾವುದು ಎಲ್ಲಿ ಕೆಟ್ಟಿದೆ ಎಂದು ಹೇಳುವುದರಲ್ಲೇ ಕಳೆಯಿತು. ಆ ವಿದ್ಯೆಯ ಮೊದಲ ಪಾಠ ನನಗೆ ಸಿಕ್ಕಿದ್ದು ಕಾಲೇಜಿನ ಲ್ಯಾಬಿನಲ್ಲಿ ಅಲ್ಲ, ಬಿ.ಎಚ್. ರೋಡಿನ ಮೇಲೆ, ಒಂದು ನಟ್ಟನ್ನೂ ಸಡಿಲಿಸದೆ. ಅದನ್ನು ಕಲಿಸಿದವರು ಈಗಿಲ್ಲ. ಅವರು ಹೇಗೆ ಯೋಚಿಸಿದರು ಅನ್ನುವುದನ್ನಾದರೂ ಬರೆದಿಡಬೇಕು ಅನ್ನಿಸಿ ಬಹಳ ಕಾಲವಾಯಿತು.

ಕಾರು 1979ರ ಮಾಡೆಲ್, ಕೊಬ್ಬರಿ ಮಂಡಿಯವರೊಬ್ಬರಿಂದ ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡದ್ದು. ನಮ್ಮೂರಲ್ಲಿ ಅದನ್ನು ಪದ್ಮಿನಿ ಅನ್ನುವವರು ಕಡಿಮೆ, ಎಲ್ಲರಿಗೂ ಅದು ಫಿಯೆಟ್ಟು. ಇಟಲಿಯ ಫಿಯೆಟ್ 1100 ಕಾರನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನವರು 1964ರಿಂದ ಡಿಲೈಟ್ ಅನ್ನುವ ಹೆಸರಿನಲ್ಲಿ ತಯಾರಿಸಿ, 1974ರಲ್ಲಿ ಅದಕ್ಕೆ ಪದ್ಮಿನಿ ಎಂದು ಹೆಸರಿಟ್ಟರು. ಆ ಕಂಪನಿ ಕಟ್ಟಿದ ವಾಲ್‌ಚಂದ್ ಹೀರಾಚಂದ್ ಅವರೇ 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದವರು ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು, ತಮ್ಮ ಕಾರಿಗೂ ಎಚ್‌ಎಎಲ್‌ಗೂ ನೆಂಟಸ್ತಿಕೆ ಇರುವ ಹಾಗೆ. 1089 ಸಿ.ಸಿ. ಎಂಜಿನ್, ನಾಲ್ಕು ಗೇರು, ಗೇರ್ ಹಿಡಿಕೆ ಸ್ಟೇರಿಂಗ್ ಪಕ್ಕದಲ್ಲಿ. ಅಷ್ಟು ಸರಳವಾದ ಕಾರು. ಅದರ ಒಂದೊಂದು ಭಾಗವನ್ನೂ ಕಣ್ಣಿಂದ ನೋಡಬಹುದಿತ್ತು, ಕೈಯಿಂದ ಮುಟ್ಟಬಹುದಿತ್ತು. ಆ ಕಾರಿನ ಮೇಲೆ ನನಗೆ ಈಗಲೂ ಇರುವ ಪ್ರೀತಿಗೆ ಅದೇ ಕಾರಣ.

ಎಂಜಿನ್ ಮುಂದೆ ಇದೆ, ಎಳೆಯುವುದು ಹಿಂದಿನ ಚಕ್ರ. ಎರಡರ ನಡುವೆ ಪ್ರೊಪೆಲ್ಲರ್ ಶಾಫ್ಟು. ಪದ್ಮಿನಿಯಲ್ಲಿ ಅದು ಎರಡು ತುಂಡು. ಗೇರ್‌ಬಾಕ್ಸಿನ ಬೆನ್ನಿಗೆ ದಪ್ಪ ರಬ್ಬರಿನ ಕಪ್ಲಿಂಗ್, ಅಲ್ಲಿಂದ ಮೊದಲ ತುಂಡು. ಅದರ ಹಿಂದುಗಡೆಯನ್ನು ಕಾರಿನ ಹೊಟ್ಟೆಯ ಕೆಳಗೆ ಹಿಡಿದುಕೊಳ್ಳುವುದು ಸೆಂಟರ್ ಬೇರಿಂಗ್, ಅದೂ ರಬ್ಬರಿನ ಮಧ್ಯೆ ಕೂತದ್ದು. ಆಮೇಲೆ ಕೋನದಲ್ಲೂ ತಿರುಗಬಲ್ಲ ಒಂದು ಕ್ರಾಸ್ ಜಾಯಿಂಟು, ಎರಡನೇ ತುಂಡು, ಇನ್ನೊಂದು ಕ್ರಾಸ್, ಕೊನೆಗೆ ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್. ಕಾರು ಗುಂಡಿಗೆ ಇಳಿದು ಎದ್ದಾಗೆಲ್ಲ ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಆದರೆ ಗೇರ್‌ಬಾಕ್ಸ್ ತನ್ನ ಜಾಗ ಬಿಟ್ಟು ಅಷ್ಟು ಕದಲುವುದಿಲ್ಲ. ಈ ವ್ಯತ್ಯಾಸವನ್ನು ನುಂಗಿಕೊಂಡೇ ಶಾಫ್ಟು ತಿರುಗಬೇಕು.

ನಮ್ಮ ಕಾರಿನಲ್ಲಿ ಮೊದಮೊದಲು ಇದ್ದದ್ದು ಮಂದವಾದ ಒಂದು ಗುಡುಗುಡು ಅಷ್ಟೇ. ಅಪ್ಪ ಪೇಟೆಯ ಒಂದು ಗ್ಯಾರೇಜಿಗೆ ತೋರಿಸಿದರು. ಅಲ್ಲಿ ಬಾನೆಟ್ ಎತ್ತಿ ಎಂಜಿನ್ ರೇಸ್ ಮಾಡಿ ನೋಡಿ, ಕ್ಲಚ್ ಪ್ಲೇಟ್ ಹೋಗಿದೆ ಅಂದರು. ಗೇರ್‌ಬಾಕ್ಸ್ ಇಳಿಸಿ ಹೊಸ ಪ್ಲೇಟು, ಪ್ರೆಷರ್ ಪ್ಲೇಟು ಹಾಕಿದರು. ಗುಡುಗುಡು ಹೋಗಲಿಲ್ಲ, ಅದರ ಮೇಲೆ ಈ ಗುಂಯ್ ಸೇರಿಕೊಂಡಿತು. ಆಗ ಎಂಜಿನ್ ಮೌಂಟಿಂಗ್ ಬದಲಾಯಿಸಿದರು. ಆಮೇಲೆ ಎರಡು ಟೈರು. ಪ್ರತಿಸಲವೂ ಬಿಲ್ಲು, ಪ್ರತಿಸಲವೂ ‘ಇನ್ನು ಸರಿಹೋಗ್ತದೆ ಬಿಡಿ ಸಾರ್’ ಅನ್ನುವ ಭರವಸೆ. ಆ ಗ್ಯಾರೇಜಿನ ಯಾರೊಬ್ಬರೂ ಒಂದು ಸಲವೂ ಕಾರನ್ನು 60ಕ್ಕೆ ಓಡಿಸಿ ನೋಡಲಿಲ್ಲ ಅನ್ನುವುದು ನನಗೆ ಇವತ್ತಿಗೂ ನುಂಗಲಾರದ ಸಂಗತಿ. ಕಾಯಿಲೆ ಇರುವುದು ಅರವತ್ತರಲ್ಲಿ, ಅವರು ಪರೀಕ್ಷೆ ಮಾಡಿದ್ದೆಲ್ಲ ಶೆಡ್ಡಿನಲ್ಲಿ ನಿಂತ ಕಾರನ್ನು.

ಅಪ್ಪ ಮಾರಿಬಿಡುವ ಯೋಚನೆಯಲ್ಲಿದ್ದಾಗ ಅವರ ಕಕ್ಷಿದಾರರೊಬ್ಬರು ಹುಳಿಯಾರು ರಸ್ತೆಯ ಮೇಸ್ತ್ರಿಯ ಹೆಸರು ಹೇಳಿದರು. ಖಾಸಗಿ ಬಸ್ ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಸ್ವಂತಕ್ಕೆ ಶೆಡ್ಡು ಹಾಕಿಕೊಂಡವರು. ಬಸ್ಸಿನ ಶಾಫ್ಟು ಇನ್ನೂ ಉದ್ದ, ತುಂಡುಗಳೂ ಹೆಚ್ಚು. ಆ ಅನುಭವ ಅವರ ಬೆನ್ನಿಗಿತ್ತು. ರಜೆಯಲ್ಲಿದ್ದ ನಾನೂ ಅಪ್ಪನ ಜೊತೆ ಹೋದೆ. ಅಮ್ಮನಿಗೆ ಸಂತೆಯಲ್ಲಿ ಕೆಲಸವಿತ್ತು, ಅವಳೂ ಕಾರಿನಲ್ಲಿದ್ದಳು.

ಮೇಸ್ತ್ರಿ ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ಕೈಯನ್ನು ವೇಸ್ಟಿನಲ್ಲಿ ಒರೆಸಿಕೊಳ್ಳುತ್ತಾ ಕೇಳತೊಡಗಿದರು.

‘ಯಾವಾಗಿಂದ ಲಾಯರ್ ಸಾರ್?’

‘ಆರು ತಿಂಗಳಿಂದ.’

‘ಅದಕ್ಕೆ ಮುಂಚೆ ಯಾರಾದ್ರೂ ಏನಾದ್ರೂ ಬಿಚ್ಚಿದ್ರಾ?’

ಅಪ್ಪ ಕ್ಲಚ್ಚಿನ ಕಥೆ ಹೇಳಿದರು. ಕ್ಲಚ್ಚಿಗೆ ಮುಂಚೆ ಯಾವ ಥರ ಇತ್ತು, ಆಮೇಲೆ ಯಾವ ಥರ ಆಯಿತು ಎಂದು ಮೇಸ್ತ್ರಿ ಬಿಡಿಸಿ ಬಿಡಿಸಿ ಕೇಳಿದರು. ಅದು ಮುಗಿದ ಮೇಲೆ ಹಿಂದಿನ ಬಾಗಿಲ ಹತ್ತಿರ ಬಗ್ಗಿ, ‘ಅಮ್ಮೋರೆ, ನಿಮಗೆ ಎಲ್ಲಿ ಗೊತ್ತಾಗ್ತದೆ?’ ಅಂದರು.

ಅಮ್ಮನಿಗೆ ಆಶ್ಚರ್ಯ. ಅಷ್ಟು ದಿನ ಯಾರೂ ಅವಳನ್ನು ಕೇಳಿರಲಿಲ್ಲ. ‘ಸೊಂಟಕ್ಕೆ ಬರ್ತದಪ್ಪ. ಬೀಸೋ ಕಲ್ಲಿನ ಗೂಟ ಸಡಿಲ ಆದ್ರೆ ಕೈಗೆ ಬರ್ತದಲ್ಲ, ಹಂಗೆ. ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ ಹಾಕ್ಕೊಂಡು ಬಂದಾಗ ಇನ್ನೂ ಜಾಸ್ತಿ. ಇವರಿಗೆ ಹೇಳಿದ್ರೆ, ರಸ್ತೆ ಸರಿಯಿಲ್ಲ ಕಣೆ ಅಂತಾರೆ.’

ಮೇಸ್ತ್ರಿ ತಲೆಯಾಡಿಸಿದರು. ಎರಡು ವಿಷಯ ಅವರಿಗೆ ಅಲ್ಲೇ ಸಿಕ್ಕಿದ್ದವು. ಮುಂದಿನ ಚಕ್ರದ ತೊಂದರೆ ಮೊದಲು ಸ್ಟೇರಿಂಗಿಗೆ ಬರುತ್ತದೆ, ಕೈಗೆ ಗೊತ್ತಾಗುತ್ತದೆ. ಹಿಂದಿನದ್ದು, ಕೆಳಗಿನದ್ದು ಸೀಟಿಗೆ ಬರುತ್ತದೆ. ಅಪ್ಪನ ಕೈಗೆ ಸ್ಟೇರಿಂಗಿನಲ್ಲಿ ಅಂಥದ್ದೇನೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದು, ಭಾರ ಹಾಕಿದರೆ ಹೆಚ್ಚಾಗುತ್ತದೆ ಅನ್ನುವ ಮಾತು. ಅದರ ಬೆಲೆ ನನಗೆ ಆಗ ಅರ್ಥವಾಗಲಿಲ್ಲ.

‘ಬನ್ನಿ, ಒಂದು ಟ್ರಯಲ್ ನೋಡೋಣ’ ಎಂದು ಮೇಸ್ತ್ರಿ ಸ್ಟೇರಿಂಗ್ ಹಿಡಿದರು. ಹೊರಡುವ ಮುಂಚೆ ನಿಂತಲ್ಲೇ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ನನ್ನು ನಿಧಾನವಾಗಿ ಮೇಲೆ ಏರಿಸಿ, ಹಾಗೇ ಕೆಳಗೆ ಇಳಿಸಿದರು. ಒಂದು ಸಲ ಕ್ಲಚ್ ಒತ್ತಿ, ಒಂದು ಸಲ ಬಿಟ್ಟು. ಎಂಜಿನ್ ಎಷ್ಟು ವೇಗದಲ್ಲೂ ಹದವಾಗಿ ತಿರುಗಿತು, ನೆಲ ಅದುರಲಿಲ್ಲ. ‘ಇಂಜಿನ್ ಅಲ್ಲ, ಕ್ಲಚ್ಚೂ ಅಲ್ಲ’ ಅಂದರು. ಫ್ಲೈವೀಲಿನಲ್ಲೋ ಪ್ರೆಷರ್ ಪ್ಲೇಟಿನಲ್ಲೋ ತೂಕದ ಏರುಪೇರಿದ್ದರೆ ಕಾರು ನಿಂತಿದ್ದಾಗಲೂ ಆ ವೇಗಕ್ಕೆ ಬಂದಾಗ ಅದುರಲೇಬೇಕು. ಕ್ಲಚ್ಚಿನ ನಡುಕದ ಗುಣವೇ ಬೇರೆ, ಅದು ಕಾರು ಹೊರಡುವಾಗ, ಪೆಡಲ್ ಬಿಡುವ ಆ ಒಂದು ಗಳಿಗೆಯಲ್ಲಿ ಬಂದು ಹೋಗುತ್ತದೆ. ಪ್ಲೇಟಿಗೆ ಎಣ್ಣೆ ಸೋಂಕಿದ್ದರೂ, ಮೌಂಟಿಂಗ್ ಹರಿದಿದ್ದರೂ ಹಾಗಾಗುತ್ತದೆ. ಅರವತ್ತರಲ್ಲಿ ಕ್ಲಚ್ ಪೂರ್ತಿ ಕಚ್ಚಿಕೊಂಡಿರುತ್ತದೆ, ಅದಕ್ಕೆ ನಡುಗಲು ಕಾರಣವೇ ಇಲ್ಲ.

ಕೆ.ಬಿ. ಕ್ರಾಸ್ ಕಡೆಗೆ ಹೊರಟೆವು. ರಸ್ತೆ ನೇರವಾಗಿ, ಖಾಲಿಯಾಗಿ ಸಿಕ್ಕಾಗ ಟಾಪ್ ಗೇರಿನಲ್ಲಿ 60 ಮುಟ್ಟಿಸಿದರು. ಅದುರು ಬಂತು. ‘ಈಗ ನೋಡಮ್ಮ’ ಎಂದು ಅದೇ ಅರವತ್ತರಲ್ಲೇ ಮೂರನೇ ಗೇರಿಗೆ ಇಳಿಸಿದರು. ಎಂಜಿನ್ ಒಂದೂವರೆ ಪಟ್ಟು ಜೋರಾಗಿ ಕೂಗಿಕೊಂಡಿತು. ಕೆಳಗಿನ ಅದುರು ಮಾತ್ರ ಇದ್ದ ಹಾಗೇ ಇತ್ತು, ಅದೇ ಸ್ವರ, ಅದೇ ಜಾಗ. ಎಂಜಿನ್ನಿನ ವೇಗ ಬದಲಾದರೂ ಅದುರಿನ ವೇಗ ಬದಲಾಗದಿದ್ದರೆ, ಅದು ರಸ್ತೆಯ ವೇಗಕ್ಕೆ ಕಟ್ಟುಬಿದ್ದದ್ದು. ಅಲ್ಲಿಗೆ ಗೇರ್‌ಬಾಕ್ಸಿನ ಮುಂದಿರುವುದೆಲ್ಲ ಲೆಕ್ಕದಿಂದ ಹೊರಗೆ ಹೋಯಿತು.

ಆಮೇಲೆ 70ಕ್ಕೆ ಏರಿಸಿ, ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ಹಾಕಿ ಕಾರನ್ನು ಹಾಗೇ ಹರಿಯಬಿಟ್ಟರು. ಎಂಜಿನ್ ಆಫ್ ಮಾಡಲಿಲ್ಲ. ‘ಚಾವಿ ಮುಟ್ಟಬಾರದು, ಸ್ಟೇರಿಂಗ್ ಲಾಕ್ ಆದ್ರೆ ಗತಿಯೇನು?’ ಎಂದು ನನಗೆ ಎಚ್ಚರಿಕೆ ಬೇರೆ. ಎಂಜಿನ್ ಸದ್ದು ಅಡಗಿತು. ಗಾಳಿಯ ಸದ್ದು, ಟೈರಿನ ಸದ್ದು, ಅದರ ಕೆಳಗೆ ಈ ಗುಂಯ್. ಹಾಗೆ ಕೇಳಿದಾಗ ಅದು ಬೆತ್ತಲಾಗಿ ನಿಂತ ಹಾಗಿತ್ತು. ಆದರೆ ಸ್ವಲ್ಪ ಕಡಿಮೆಯಾಗಿತ್ತು. ಅಂದರೆ ತಿರುಗುವುದರಿಂದ ಬರುವ ಒಂದು ಪಾಲು ಇದೆ, ಎಳೆತದ ಭಾರದಿಂದ ಬರುವ ಇನ್ನೊಂದು ಪಾಲೂ ಇದೆ.

‘ಎರಡು ಅವೆ’ ಅಂದರು ಮೇಸ್ತ್ರಿ. ಅಷ್ಟೇ ಅಂದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಚಕ್ರವೋ ಶಾಫ್ಟೋ ಅನ್ನುವುದು ಉಳಿದಿತ್ತು. ಇಲ್ಲಿ ನನ್ನ ಓದು ಕೆಲಸಕ್ಕೆ ಬಂತು. ಪದ್ಮಿನಿಯ ಟೈರು 14 ಇಂಚಿನ ರಿಮ್ಮಿನದು. ಅದರ ಸುತ್ತಳತೆ ಎರಡು ಮೀಟರಿಗೆ ಕೊಂಚ ಕಡಿಮೆ. 60 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್ ಆಚೆ ಇರುವ ಶಾಫ್ಟು ಅದರ ನಾಲ್ಕು ಪಟ್ಟಿಗೂ ಹೆಚ್ಚು, 38ರ ಆಸುಪಾಸು. 9 ಅಂದರೆ ಮೈಗೆ ಅದು ಕುಲುಕಾಟ, ಒಂದೊಂದೂ ಬೇರೆ ಬೇರೆಯಾಗಿ ತಿಳಿಯುತ್ತದೆ. 38 ಅಂದರೆ ಬಿಡಿಬಿಡಿಯಾಗಿ ತಿಳಿಯುವುದಿಲ್ಲ, ಗುಂಯ್ಗುಡುವಿಕೆಯಾಗಿ ಕಾಲಿಗೆ ಮುಟ್ಟುತ್ತದೆ. ನಾನು ಸೀಟಿನಲ್ಲಿ ಕೂತು ಕಾಗದದ ಮೇಲೆ ಲೆಕ್ಕ ಮಾಡಿ ಹೇಳಿದೆ: ‘ಮೇಸ್ತ್ರಿಗಳೇ, ಇದು ಚಕ್ರದ್ದಲ್ಲ, ಶಾಫ್ಟಿನದು.’ ಅವರು ನಕ್ಕು, ‘ಅದನ್ನ ಕಾಲೇ ಹೇಳ್ತದೆ ಕಣಮ್ಮ, ಆದ್ರೂ ಲೆಕ್ಕ ಗೊತ್ತಿದ್ರೆ ಒಳ್ಳೇದು, ಇನ್ನೊಬ್ರಿಗೆ ತೋರಿಸಬೋದು’ ಅಂದರು. ಅವರ ಅಂಗಾಲು ಹೇಳಿದ್ದೂ ನನ್ನ ಪೆನ್ಸಿಲ್ ಹೇಳಿದ್ದೂ ಒಂದೇ ಆದಾಗ ನನಗಾದ ಸಂತೋಷ ಮುಂದೆ ಎಷ್ಟೋ ಬೆಲೆಬಾಳುವ ಉಪಕರಣಗಳ ಮುಂದೆ ಕೂತಾಗಲೂ ಆಗಿಲ್ಲ.

ಶೆಡ್ಡಿಗೆ ವಾಪಸು ಬಂದು ಕಾರನ್ನು ಪಿಟ್ಟಿನ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಇಬ್ಬರೂ ಇಳಿದೆವು. ಅಪ್ಪ ಮೇಲಿಂದಲೇ, ‘ಬಟ್ಟೆ ಹಾಳಾಗ್ತದೆ ಮಗು’ ಅಂದರು. ಮೇಸ್ತ್ರಿ ಮೊದಲು ಏನನ್ನೂ ಮುಟ್ಟಲಿಲ್ಲ. ಟಾರ್ಚು ಹಿಡಿದು ಮುಂದಿನಿಂದ ಹಿಂದಿನವರೆಗೆ ನಿಧಾನವಾಗಿ ನೋಡುತ್ತಾ ಹೋದರು. ಹಿಂದಿನ ಕ್ರಾಸ್ ಹತ್ತಿರ ಬೆಳಕು ನಿಂತಿತು. ಅದರ ಒಂದು ಬಟ್ಟಲಿನ ಅಂಚಿನಲ್ಲಿ ಕುಂಕುಮಕ್ಕಿಂತ ತುಸು ಕಪ್ಪಾದ, ನುಣ್ಣನೆಯ ಕೆಂಪು ಪುಡಿ ಅಂಟಿತ್ತು. ಉಳಿದ ಮೂರು ಬಟ್ಟಲುಗಳ ಬಾಯಲ್ಲಿ ಗ್ರೀಸಿನ ಕಪ್ಪು ಜಿಡ್ಡು ಇತ್ತು, ಇದೊಂದರಲ್ಲಿ ಒಣ ಪುಡಿ. ಕ್ರಾಸಿನ ಒಳಗೆ ಸೂಜಿಯಂಥ ಸಣ್ಣ ಸಣ್ಣ ರೋಲರುಗಳಿರುತ್ತವೆ. ಗ್ರೀಸ್ ಒಣಗಿ ಅವು ಬರಿಯ ಉಕ್ಕಿನ ಮೇಲೆ ಉಜ್ಜಿದಾಗ ಆ ತೇದ ಉಕ್ಕೇ ತುಕ್ಕಾಗಿ, ಪುಡಿಯಾಗಿ ಹೊರಗೆ ಬರುತ್ತದೆ. ಮೇಸ್ತ್ರಿ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಚಿದರು. ಟಕ್, ಟಕ್. ‘ಪ್ಲೇ ಬಂದದೆ. ಕೇಳಿಸ್ತಾ?’ ಕೇಳಿಸಿದ್ದಕ್ಕಿಂತ ಹೆಚ್ಚಾಗಿ, ಕ್ರಾಸಿನ ಮೇಲಿಟ್ಟಿದ್ದ ನನ್ನ ಬೆರಳಿಗೆ ಅದು ತಾಕಿತು.

ಆದರೆ ಅವರ ಗಮನವೆಲ್ಲ ಸೆಂಟರ್ ಬೇರಿಂಗ್ ಮೇಲಿತ್ತು. ಸ್ಕ್ರೂಡ್ರೈವರಿನಲ್ಲಿ ಅದರ ರಬ್ಬರನ್ನು ಮೆಲ್ಲಗೆ ಎತ್ತಿದಾಗ ಮೇಲಿನ ಅರ್ಧ ಬ್ರಾಕೆಟ್ಟಿನಿಂದ ಬಿಟ್ಟುಕೊಂಡಿದ್ದು ಕಂಡಿತು. ಬೇರಿಂಗ್ ತನ್ನ ಜಾಗದಿಂದ ಕೆಳಗೆ ಜಾರಿ, ಹರಿದ ರಬ್ಬರಿನ ತಳದಲ್ಲಿ ಕೂತಿತ್ತು. ಅಂಗೈಯಿಂದ ಶಾಫ್ಟನ್ನು ಮೇಲಕ್ಕೆ ಒತ್ತಿದರೆ ಅರ್ಧ ಬೆರಳಿನಷ್ಟು ಎದ್ದು, ಕೈ ಬಿಟ್ಟರೆ ಮತ್ತೆ ಇಳಿಯುತ್ತಿತ್ತು. ಮೊದಮೊದಲಿನ ಆ ಗುಡುಗುಡು ಇದರದ್ದೇ.

ಅಮ್ಮನ ತೆಂಗಿನಕಾಯಿ ಮೂಟೆಯ ಮಾತು ಆಗ ನನಗೆ ಹೊಳೆಯಿತು. ಕ್ರಾಸ್ ಜಾಯಿಂಟಿಗೆ ಒಂದು ಹುಟ್ಟುಗುಣವಿದೆ. ನೇರ ಸಾಲಿನಲ್ಲಿ ಇದ್ದಾಗ ಎರಡೂ ಬದಿ ಸಮನಾಗಿ ತಿರುಗುತ್ತವೆ. ಕೋನ ಬಂದರೆ, ಈ ಬದಿ ಸಮನಾಗಿ ತಿರುಗುತ್ತಿದ್ದರೂ ಆ ಬದಿ ಪ್ರತಿ ಸುತ್ತಿನಲ್ಲೂ ಎರಡು ಸಲ ತುಸು ಮುಂದೋಡುತ್ತದೆ, ಎರಡು ಸಲ ತುಸು ಹಿಂದುಳಿಯುತ್ತದೆ. ಇದನ್ನು ಹದಿನೇಳನೇ ಶತಮಾನದಲ್ಲೇ ಇಂಗ್ಲೆಂಡಿನ ರಾಬರ್ಟ್ ಹುಕ್ ಗಮನಿಸಿದ್ದ. ಕೋನ 5 ಡಿಗ್ರಿ ಇದ್ದರೆ ಈ ಏರಿಳಿತ ನೂರಕ್ಕೆ ಅರ್ಧವೂ ಇಲ್ಲ, 10 ಡಿಗ್ರಿಯಾದರೆ ನೂರಕ್ಕೆ ಒಂದೂವರೆ. ಅಷ್ಟೇ ಆದರೂ ಸೆಕೆಂಡಿಗೆ 76 ಸಲ ಅದು ಆಗುತ್ತಿದ್ದರೆ ಇಡೀ ಕಾರಿಗೆ ಗೊತ್ತಾಗುತ್ತದೆ. ಅದಕ್ಕೇ ಒಂದು ಶಾಫ್ಟಿಗೆ ಎರಡು ಕ್ರಾಸ್ ಇಡುವುದು. ಎರಡು ಕಡೆಯ ಕೋನವೂ ಸಮ ಇದ್ದರೆ ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ಅಳಿಸಿಹಾಕುತ್ತದೆ. ಸೆಂಟರ್ ಬೇರಿಂಗ್ ಜಾರಿದಾಗ ಮುಂದಿನ ಕೋನ ಹೆಚ್ಚು ಬದಲಾಯಿತು, ಹಿಂದಿನದು ಅಷ್ಟು ಬದಲಾಗಲಿಲ್ಲ. ಡಿಕ್ಕಿಗೆ ಮೂಟೆ ಬಿದ್ದರೆ ಹಿಂದಿನ ಪಟ್ಟಿ ಸ್ಪ್ರಿಂಗ್ ಅದುಮಿಕೊಂಡು ಅಲ್ಲಿನ ಕೋನವೂ ಬದಲಾಗುತ್ತದೆ, ಎರಡರ ನಡುವಿನ ಅಂತರ ಇನ್ನಷ್ಟು ಹೆಚ್ಚುತ್ತದೆ. ಪುಸ್ತಕದಲ್ಲಿ ಈ ಸಮೀಕರಣವನ್ನು ನಾನು ಪರೀಕ್ಷೆಗಾಗಿ ಓದಿದ್ದೆ. ಹಿಂದಿನ ಸೀಟಿನಲ್ಲಿ ಕೂತ ಅಮ್ಮ ಅದನ್ನು ಸೊಂಟದಲ್ಲಿ ಅಳೆದು ಹೇಳಿದ್ದಳು, ಮೇಸ್ತ್ರಿ ಅದನ್ನು ಸಾಕ್ಷ್ಯ ಎಂದು ಒಪ್ಪಿಕೊಂಡಿದ್ದರು. ಅಪ್ಪನ ಕೋರ್ಟಿನ ಭಾಷೆಯಲ್ಲೇ ಹೇಳಬೇಕೆಂದರೆ, ಆ ಪ್ರಕರಣದ ಮುಖ್ಯ ಸಾಕ್ಷಿ ಅವಳೇ.

ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಬರುವ ಲಾರಿಯವರ ಕೈಲಿ ಸೆಂಟರ್ ಬೇರಿಂಗೂ ಕ್ರಾಸ್ ಕಿಟ್ಟೂ ತರಿಸಿದರು. ಹಳೆಯ ಕಾರು ಇಟ್ಟುಕೊಂಡವರಿಗೆ ಆ ರಸ್ತೆಯ ಋಣ ತೀರದ್ದು. ಹಳೆ ಫಿಯೆಟ್ಟಿನ, ಅಂಬಾಸಿಡರಿನ ಎಂಥ ಸಾಮಾನೂ ಅಲ್ಲಿ ಯಾವುದಾದರೊಂದು ಅಂಗಡಿಯ ಅಟ್ಟದ ಮೇಲೆ ಇರುತ್ತಿತ್ತು. ಶಾಫ್ಟು ಇಳಿಸುವ ಮುಂಚೆ ಮೇಸ್ತ್ರಿ ಒಂದು ಚಿಸೆಲ್ ತೆಗೆದುಕೊಂಡು ಡಿಫರೆನ್ಷಿಯಲ್ ಫ್ಲೇಂಜಿನ ಮೇಲೊಂದು, ಅದಕ್ಕೆ ಎದುರಾಗಿ ಶಾಫ್ಟಿನ ಫ್ಲೇಂಜಿನ ಮೇಲೊಂದು ಸಣ್ಣ ಗೀರು ಹಾಕಿದರು. ಹಾಕುವಾಗ ವೇಸ್ಟಿನಿಂದ ಮಣ್ಣು ಒರೆಸಿ ನೋಡಿ, ‘ಹಳೇ ಗುರುತೇ ಇಲ್ಲ’ ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಬೇರಿಂಗ್, ಕ್ರಾಸ್ ಎರಡೂ ಹೊಸದಾದ ಮೇಲೆ ಟ್ರಯಲ್ ಹೋದೆವು. ಗುಡುಗುಡು ಪೂರ್ತಿ ಹೋಗಿತ್ತು. ಮೂಟೆ ಹಾಕಿ ನೋಡಿದೆವು, ಭಾರಕ್ಕೆ ಹೆಚ್ಚಾಗುವುದೂ ನಿಂತಿತ್ತು. ಆದರೆ 60 ದಾಟಿದಾಗ ಸಣ್ಣಗೆ, ಒಂದೇ ಸಮನೆ, ಗುಂಯ್ ಇನ್ನೂ ಇತ್ತು. ನ್ಯೂಟ್ರಲ್‌ನಲ್ಲಿ ಹರಿಯಬಿಟ್ಟರೂ ಇತ್ತು, ಎಳೆಯುವಾಗಲೂ ಅಷ್ಟೇ ಇತ್ತು. ಅಪ್ಪನ ಮುಖ ಸಪ್ಪಗಾಯಿತು. ಮೇಸ್ತ್ರಿಗೆ ಮಾತ್ರ ಗೆಲುವು, ‘ಒಂದು ಹೋಯ್ತಲ್ಲ ಸಾರ್, ಈಗ ಉಳಿದಿರೋದು ಒಂದೇ’ ಅಂದರು.

ಆ ಇನ್ನೊಂದು ಕ್ಲಚ್ ಹಾಕಿದಾಗ ಹುಟ್ಟಿದ್ದು. ಗೇರ್‌ಬಾಕ್ಸ್ ಇಳಿಸಬೇಕಾದರೆ ಶಾಫ್ಟನ್ನು ಬಿಚ್ಚಲೇಬೇಕು. ಬಿಚ್ಚಿದವರು ಗುರುತು ಹಾಕಿಕೊಂಡಿರಲಿಲ್ಲ. ಬೋಲ್ಟಿನ ತೂತು ಹೇಗೆ ಕೂಡಿಸಿದರೂ ಕೂಡುತ್ತವೆ, ಆದರೆ ಶಾಫ್ಟು ಮತ್ತು ಫ್ಲೇಂಜು ವರ್ಷಗಟ್ಟಲೆ ಒಂದು ಸ್ಥಾನದಲ್ಲಿ ಜೊತೆಯಾಗಿ ತಿರುಗಿ ಹೊಂದಿಕೊಂಡಿರುತ್ತವೆ. ಒಂದರಲ್ಲಿ ತೂಕ ಕೊಂಚ ಈ ಕಡೆ ವಾಲಿದ್ದರೆ ಇನ್ನೊಂದರಲ್ಲಿ ಆ ಕಡೆ ವಾಲಿ ಸರಿದೂಗಿರಬಹುದು. ಸ್ಥಾನ ಬದಲಾದರೆ ಎರಡೂ ಒಂದೇ ಕಡೆಗೆ ಸೇರಿಕೊಳ್ಳುತ್ತವೆ. ಇದು ಎಷ್ಟು ಸಣ್ಣ ತೂಕದ ಮಾತು ಎಂದರೆ, ಶಾಫ್ಟಿನ ಅಂಚಿನಲ್ಲಿ, ನಡುವಿನಿಂದ 35 ಮಿಲಿಮೀಟರ್ ದೂರದಲ್ಲಿ 10 ಗ್ರಾಂ ಹೆಚ್ಚಿದ್ದರೂ ಸಾಕು, ಅರವತ್ತರ ವೇಗದಲ್ಲಿ ಅದು ಎರಡು ಕಿಲೋ ತೂಕದಷ್ಟು ಬಲದಿಂದ ಸೆಕೆಂಡಿಗೆ 38 ಸಲ ಕಾರನ್ನು ಎಳೆದಾಡುತ್ತದೆ. ವೇಗ 40ರಿಂದ 60ಕ್ಕೆ ಏರಿದರೆ ಆ ಬಲ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. 50ರಲ್ಲಿ ಸುಮ್ಮನಿದ್ದ ಕಾರು 60ರಲ್ಲಿ ಏಕೆ ಗುಂಯ್ಗುಡುತ್ತಿತ್ತು ಎಂದರೆ ಇದಕ್ಕೇ.

ಮೇಸ್ತ್ರಿ ಹಿಂದಿನ ಫ್ಲೇಂಜಿನ ಬೋಲ್ಟು ಬಿಚ್ಚಿ, ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ, ಅದೇ ಬೋಲ್ಟುಗಳನ್ನು ಮತ್ತೆ ಬಿಗಿದರು. ಹೊಸ ಸಾಮಾನು ಒಂದೂ ಇಲ್ಲ. ಅವರು ಹಾಕಿದ್ದ ಎರಡು ಗೀರು ಈಗ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿದ್ದವು. ಈ ಸಲ ಸ್ಟೇರಿಂಗ್ ನನ್ನ ಕೈಗೆ ಕೊಟ್ಟರು. 60, 65, 70. ಕನ್ನಡಿಯಲ್ಲಿ ಹಿಂದಿನ ಬಸ್ಸಿನ ದೀಪ ಎರಡೇ ಇದ್ದವು. ಅಮ್ಮ ಹಿಂದಿನಿಂದ, ‘ಈಗ ಸುಮ್ಕಾಯ್ತು’ ಅಂದಳು. ಅರ್ಧ ಸುತ್ತಿಗೂ ಸರಿಹೋಗದಿದ್ದರೆ ಶಾಫ್ಟಿಗೆ ಹೋಸ್ ಕ್ಲಿಪ್ ಎರಡು ಸುತ್ತಿ, ಅವುಗಳ ಸ್ಕ್ರೂ ತಲೆಯನ್ನು ಸುತ್ತಲೂ ಸರಿಸುತ್ತಾ ಹೋಗಿ ತೂಕ ಹೊಂದಿಸುವ ಇನ್ನೊಂದು ಉಪಾಯ ಅವರ ಹತ್ತಿರ ಇತ್ತು. ಅದು ಬೇಕಾಗಲಿಲ್ಲ.

ಗುರುತು ಹಾಕುವ ಈ ಅಭ್ಯಾಸವನ್ನು ಅವರು ಜೀಪಿನಿಂದ ಕಲಿತದ್ದಂತೆ. ಜೀಪಿನ ಶಾಫ್ಟಿನಲ್ಲಿ ಒಂದರೊಳಗೊಂದು ಜಾರುವ ಹಲ್ಲಿನ ಭಾಗವಿದೆ. ಅದನ್ನು ಕೂಡಿಸುವಾಗ ಎರಡೂ ಕಡೆಯ ಬಾಣದ ಗುರುತು ಎದುರುಬದುರು ಬರಬೇಕು. ತಪ್ಪಿ ಕೂಡಿಸಿದರೆ ಎರಡು ಕ್ರಾಸುಗಳು ಒಂದರ ಏರುಪೇರನ್ನು ಇನ್ನೊಂದು ಅಳಿಸುವ ಬದಲು ಕೂಡಿಸುತ್ತವೆ. ತಯಾರಿಸಿದವರೇ ಬಾಣ ಕೊರೆದಿದ್ದಾರೆ ಎಂದರೆ ಅದಕ್ಕೆ ಕಾರಣ ಇರಲೇಬೇಕು ಎಂದು ಹುಡುಗನಾಗಿದ್ದಾಗಲೇ ಅವರು ಯೋಚಿಸಿದ್ದರು. ಅಲ್ಲಿಂದ ಮುಂದೆ ತಿರುಗುವ ಯಾವುದನ್ನೇ ಬಿಚ್ಚಿದರೂ ಮೊದಲು ಗುರುತು.

ನಾನು ಕೆಲಸಕ್ಕೆ ಸೇರಿದ ಮೇಲೆ ಕೈಗೆ ಬಂದದ್ದು ಅಕ್ಸೆಲೆರೊಮೀಟರ್. ಬೇರಿಂಗ್ ಮೇಲೆ ಅಂಟಿಸಿದರೆ, ಅದುರಿನಲ್ಲಿ ಯಾವ ವೇಗದ್ದು ಎಷ್ಟು ಪಾಲು ಎಂದು ಪರದೆಯ ಮೇಲೆ ಕಡ್ಡಿಗಳಾಗಿ ಬಿಡಿಸಿ ತೋರಿಸುತ್ತದೆ. ಒಂದು ಸುತ್ತಿಗೆ ಒಂದು ಸಲ ಬಂದರೆ ತೂಕದ ಏರುಪೇರು, ಎರಡು ಸಲ ಬಂದರೆ ಸಾಲು ತಪ್ಪಿದೆಯೇ, ಜಾಯಿಂಟಿನ ಕೋನ ಕೆಟ್ಟಿದೆಯೇ ಎಂದು ನೋಡು. ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಾಗ ಪಕ್ಕದಲ್ಲಿ ಕೂತವರು ಅವಸರದಿಂದ ಬರೆದುಕೊಳ್ಳುತ್ತಿದ್ದರು. ನನ್ನ ಕಿವಿಯಲ್ಲಿ ‘ಎರಡು ಅವೆ’ ಅನ್ನುವ ಮಾತು ಇತ್ತು. ಒಂದು ಅದುರು ಎಂದು ನಾವೆಲ್ಲ ಅಂದುಕೊಂಡಿದ್ದನ್ನು ಅವರು ಯಾವ ಪರದೆಯೂ ಇಲ್ಲದೆ ಎರಡು ಮಾಡಿದ್ದರು, ಒಂದೊಂದಕ್ಕೂ ಬೇರೆ ಬೇರೆ ಕಾರಣ ಹುಡುಕಿದ್ದರು. ಕಾರ್ಖಾನೆಗಳಲ್ಲಿ ನಾನು ಕಂಡ ದುಬಾರಿ ತಪ್ಪುಗಳಲ್ಲಿ ಹೆಚ್ಚಿನವು ಯಂತ್ರವನ್ನು ಓಡುತ್ತಿರುವಾಗ ಕೇಳದೆ, ನಿಲ್ಲಿಸಿ ಬಿಚ್ಚಿದ್ದರಿಂದಲೇ ಆದವು. ಬಿಚ್ಚಿದ ಮೇಲೆ ಪ್ರಶ್ನೆ ಕೇಳಲು ಅಲ್ಲಿ ಯಂತ್ರವೇ ಇರುವುದಿಲ್ಲ, ಬಿಡಿಭಾಗಗಳಷ್ಟೇ ಇರುತ್ತವೆ.

ಅಪ್ಪನ ಪದ್ಮಿನಿ ಆಮೇಲೆ ಇನ್ನೂ ಹಲವು ವರ್ಷ ಓಡಿತು. ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಹೋದವು ಎಂಬ ಸುದ್ದಿ ಓದಿದಾಗ, ಅವುಗಳ ಹೊಟ್ಟೆಯ ಕೆಳಗೆ ಹರಿದ ರಬ್ಬರನ್ನು ಮತ್ತೆ ಮತ್ತೆ ಬದಲಿಸುತ್ತಾ ಅಷ್ಟು ವರ್ಷ ಓಡಿಸಿದ ಮೇಸ್ತ್ರಿಗಳನ್ನು ನೆನೆದೆ.

ಹುಳಿಯಾರು ರಸ್ತೆಯ ಶೆಡ್ಡನ್ನು ಈಗ ಮೇಸ್ತ್ರಿಯ ಮಗ ನಡೆಸುತ್ತಾರೆ. ಶೆಡ್ಡಿನ ಹೊರಗೆ ನಿಲ್ಲುವುದೆಲ್ಲ ಮುಂದಿನ ಚಕ್ರ ಎಳೆಯುವ ಕಾರುಗಳೇ. ಅವುಗಳಲ್ಲಿ ಉದ್ದದ ಶಾಫ್ಟು ಇಲ್ಲ, ಗೇರ್‌ಬಾಕ್ಸಿನಿಂದ ಎರಡು ಕಡೆಗೂ ಗಿಡ್ಡ ಆಕ್ಸಲ್ ಹೊರಡುತ್ತವೆ, ಒಂದೊಂದಕ್ಕೂ ಒಳಗೊಂದು ಹೊರಗೊಂದು ಜಾಯಿಂಟು. ಹೋದ ವರ್ಷ ನನ್ನ ತಮ್ಮನ ಹಳೇ ಮಾರುತಿ 800ನ್ನು ಅಲ್ಲಿಗೇ ತೆಗೆದುಕೊಂಡು ಹೋದೆವು. 40ರಿಂದ 60ರವರೆಗೆ ಎಳೆಯುವಾಗ ಇಡೀ ಕಾರು ಪಕ್ಕಕ್ಕೆ ತೊನೆದಾಡುತ್ತಿತ್ತು. ಕಾಲು ತೆಗೆದರೆ ಆ ಕ್ಷಣಕ್ಕೆ ಮಾಯ. ಟೈರು ಬ್ಯಾಲೆನ್ಸ್ ಮಾಡಿಸಿ ಆಗಿತ್ತು, ಅಲೈನ್‌ಮೆಂಟೂ ಆಗಿತ್ತು.

ಮೇಸ್ತ್ರಿಯ ಮಗ ನನ್ನ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನನ್ನು ಹಿಂದೆ ಕೂರಿಸಿ, ಕೆ.ಬಿ. ಕ್ರಾಸ್ ಕಡೆಗೇ ಹೊರಟರು. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಸುತ್ತು ಹಾಕಿದರು, ಆಮೇಲೆ ಇನ್ನೊಂದು ಕಡೆ. ಕಟಕಟ ಸದ್ದು ಇಲ್ಲ, ಹೊರಗಿನ ಜಾಯಿಂಟು ಸರಿಯಿದೆ. ರಸ್ತೆಗೆ ಬಂದು ಎಳೆದರು, ಬಿಟ್ಟರು, ಮತ್ತೆ ಎಳೆದರು. ನ್ಯೂಟ್ರಲ್‌ಗೆ ಹಾಕಿ ಬಿಟ್ಟರು. ಎಳೆತ ಇದ್ದಾಗ ಮಾತ್ರ ಬರುತ್ತದೆ, ಹರಿಯುವಾಗ ಇಲ್ಲ. ಚಕ್ರದ ತೂಕದ ತೊಂದರೆಯಾಗಿದ್ದರೆ ಹರಿಯುವಾಗಲೂ ಇರಬೇಕಿತ್ತು.

‘ಅಕ್ಕ, ಹಿಂದೆ ನಿಮಗೆ ಹೆಂಗೆ ಬರ್ತದೆ?’ ಎಂದು ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದರು.

‘ಕುಲುಕ್ತದೆ, ಆದ್ರೆ ಗುಂಯ್ ಇಲ್ಲ’ ಅಂದೆ. ನಿಧಾನದ್ದು, ಚಕ್ರದಷ್ಟೇ ವೇಗದ್ದು.

ಗೇರ್‌ಬಾಕ್ಸ್ ಪಕ್ಕದ ಒಳಜಾಯಿಂಟಿನದ್ದೇ ಎಂದು ಇಬ್ಬರಿಗೂ ಒಟ್ಟಿಗೇ ಅನ್ನಿಸಿತು. ಜಾಕ್ ಹಾಕಿ ನೋಡಿದಾಗ ಎಡಗಡೆಯದು ಸಡಿಲವಾಗಿತ್ತು. ಹೊಸ ಜಾಯಿಂಟು ಮಾರನೇ ದಿನ ಬೆಂಗಳೂರಿನಿಂದ ಬಸ್ಸಿಗೆ ಬಂತು, ಸಂಜೆಯ ಹೊತ್ತಿಗೆ ಕೂಡಿಸಿಯೂ ಆಯಿತು, ತಮ್ಮ ಅವತ್ತೇ ರಾತ್ರಿ ಅರಸೀಕೆರೆಗೆ ಓಡಿಸಿಕೊಂಡು ಹೋದ.